ಡಿಸ್ಕಿಗೆ ಬೀಗವೇನೋ ಸರಿ, ಕೀಲಿ ಯಾರ ಬಳಿ?

2019ರ ಸೆಪ್ಟೆಂಬರ್ 17ರಂದು ಚಿತ್ರದುರ್ಗ ಜಿಲ್ಲೆಯ ಜೋಡಿಚಿಕ್ಕೇನಹಳ್ಳಿಯ ಹೊಲದಲ್ಲಿ ಮಾನವರಹಿತ ವಿಮಾನವೊಂದು ಬಿತ್ತು. ಚಳ್ಳಕೆರೆ ಬಳಿಯ ಡಿಆರ್‌ಡಿಒ ವೈಮಾನಿಕ ಪರೀಕ್ಷಾ ವಲಯದಿಂದ ಹಾರಿದ್ದ ರುಸ್ತುಂ–2 ಅದು. ಸುತ್ತಲಿನ ಊರಿನವರು ಜಮಾಯಿಸಿದರು, ಮುರಿದ ಭಾಗಗಳ ಚಿತ್ರಗಳು ಮೊಬೈಲಿನಿಂದ ಮೊಬೈಲಿಗೆ ಹರಿದವು. 2023ರ ಆಗಸ್ಟ್‌ನಲ್ಲಿ ಡಿಆರ್‌ಡಿಒದ್ದೇ ಆದ ತಪಸ್ ಡ್ರೋನ್ ಹಿರಿಯೂರು ತಾಲ್ಲೂಕಿನಲ್ಲಿ ನೆಲಕ್ಕೆ ಬಿದ್ದಾಗಲೂ ಜನ ಹೀಗೆಯೇ ಸೇರಿದರು. ಪುಣ್ಯಕ್ಕೆ ಎರಡೂ ಸಲ ಯಾರ ಜೀವಕ್ಕೂ ಅಪಾಯವಾಗಲಿಲ್ಲ.

ಬೇಲಿಯೊಳಗಿನ ಯಂತ್ರ ಬೇಲಿಯಾಚೆ ಬಿದ್ದರೆ ಅದರೊಳಗಿನ ಮಾಹಿತಿಯನ್ನು ಕಾಯುವವರು ಯಾರು? ರಕ್ಷಣಾ ಸಂಸ್ಥೆಗಳು ಈ ಪ್ರಶ್ನೆಗೆ ತಮ್ಮದೇ ಉತ್ತರ ಕಂಡುಕೊಳ್ಳುತ್ತವೆ. ಆದರೆ ಬಸ್ಸಿನಲ್ಲಿ ಮರೆತುಹೋದ ಲ್ಯಾಪ್‌ಟಾಪಿಗೂ ಇದೇ ಪ್ರಶ್ನೆ ಅನ್ವಯಿಸುತ್ತದೆ. ವಿಂಡೋಸ್ ಪಾಸ್‌ವರ್ಡ್ ಇದೆಯೆಂದು ನಂಬಿ ಕೂತವರೇ ಹೆಚ್ಚು. ಡಿಸ್ಕನ್ನು ಬಿಚ್ಚಿ ಬೇರೊಂದು ಕಂಪ್ಯೂಟರಿಗೆ ಜೋಡಿಸಿದರೆ ಆ ಪಾಸ್‌ವರ್ಡ್‌ಗೆ ಕಿಲುಬುಕಾಸಿನ ಬೆಲೆಯಿಲ್ಲ. ಡಿಸ್ಕಿನಲ್ಲಿರುವ ಪ್ರತಿ ಅಕ್ಷರವನ್ನೂ ಗೂಢಲಿಪಿಗೆ ತಿರುಗಿಸಿಡುವ ಎನ್‌ಕ್ರಿಪ್ಷನ್ ಒಂದೇ ಇಲ್ಲಿ ನೆರವಿಗೆ ಬರುವುದು.

ಸಾಮಾನ್ಯರ ಕೈಗೆ ಈ ವಿದ್ಯೆಯನ್ನು ಉಚಿತವಾಗಿ ಕೊಟ್ಟ ತಂತ್ರಾಂಶಗಳಲ್ಲಿ 2004ರಲ್ಲಿ ಬಂದ ಟ್ರೂಕ್ರಿಪ್ಟ್ ಮುಖ್ಯವಾದುದು. ಅದನ್ನು ಬರೆದವರು ಹೆಸರು ಮರೆಸಿಕೊಂಡೇ ಇದ್ದರು. 2014ರ ಮೇ ತಿಂಗಳಲ್ಲಿ, ಇದನ್ನು ಬಳಸುವುದು ಸುರಕ್ಷಿತವಲ್ಲ ಎಂಬ ಎಚ್ಚರಿಕೆ ಕೊಟ್ಟು ಮರೆಯಾದರು. ಅಷ್ಟರಲ್ಲಿ, 2013ರಲ್ಲೇ, ಮೌನೀರ್ ಇದ್ರಸ್ಸಿ ಎಂಬ ತಂತ್ರಜ್ಞ ಅದರದೇ ಮೂಲ ಸಂಕೇತದಿಂದ (ಸೋರ್ಸ್ ಕೋಡ್) ವೆರಾಕ್ರಿಪ್ಟ್ ಎಂಬ ಕವಲನ್ನು ಹೊರತಂದಿದ್ದರು. ಅಂದಿನಿಂದ ಇಂದಿನವರೆಗೆ ಅದರ ಪ್ರತಿ ಆವೃತ್ತಿಯೂ ಎರಡು ಪಟ್ಟಿ ಹೊತ್ತು ಬರುತ್ತದೆ: ಹೊಸ ಸೌಲಭ್ಯಗಳು, ಹಳೆಯ ದೋಷಗಳ ತಿದ್ದುಪಡಿ. ಓದುಗರ ಕಣ್ಣು ಮೊದಲನೆಯ ಪಟ್ಟಿಯ ಮೇಲೆ ಬೀಳುತ್ತದೆ. ತೂಕವಿರುವುದು ಎರಡನೆಯದರಲ್ಲಿ.

ಟ್ರೂಕ್ರಿಪ್ಟ್ ಪಾಸ್‌ವರ್ಡನ್ನು ಕೀಲಿಯಾಗಿ ಮಾರ್ಪಡಿಸುವಾಗ ಗಣಿತದ ಒಂದೇ ಸುತ್ತನ್ನು ಹೆಚ್ಚೆಂದರೆ 2,000 ಬಾರಿ ಓಡಿಸುತ್ತಿತ್ತು. ವೆರಾಕ್ರಿಪ್ಟ್ ಅದನ್ನು ಲಕ್ಷಗಳಿಗೆ ಏರಿಸಿತು. ಒಡೆಯನಿಗೆ ಕೆಲವು ಸೆಕೆಂಡು ಹೆಚ್ಚು ಕಾಯುವ ಕಷ್ಟ, ಊಹೆಯ ಮೇಲೆ ಊಹೆ ಹೊಡೆಯುವ ಕಳ್ಳನಿಗೆ ವರ್ಷಗಳ ಕಷ್ಟ. 2015ರಲ್ಲಿ ಗೂಗಲ್‌ನ ಪ್ರಾಜೆಕ್ಟ್ ಜೀರೊ ತಂಡದ ಜೇಮ್ಸ್ ಫೋರ್ಶಾ ಟ್ರೂಕ್ರಿಪ್ಟ್‌ನಿಂದ ಬಳುವಳಿಯಾಗಿ ಬಂದಿದ್ದ ಗಂಭೀರ ಲೋಪಗಳನ್ನು ಹಿಡಿದುಕೊಟ್ಟರು. ಅವನ್ನು 1.15ನೇ ಆವೃತ್ತಿಯಲ್ಲಿ ಮುಚ್ಚಲಾಯಿತು. ಮರುವರ್ಷ ಫ್ರಾನ್ಸಿನ ಕ್ವಾರ್ಕ್ಸ್‌ಲ್ಯಾಬ್ ನಡೆಸಿದ ತಪಾಸಣೆಯಲ್ಲಿ ಎಂಟು ಅತಿಗಂಭೀರ ದೋಷಗಳು ಹೊರಬಿದ್ದವು, ವರದಿ ಎಲ್ಲರಿಗೂ ಸಿಗುವಂತೆ ಪ್ರಕಟವಾಯಿತು. ದೋಷ ಸಿಕ್ಕಿತೆಂದು ಈ ತಂತ್ರಾಂಶದಿಂದ ದೂರ ಓಡುವುದು ತಪ್ಪು ಲೆಕ್ಕ. ಯಾರೂ ತೆರೆದು ನೋಡದ ಬೀಗಕ್ಕಿಂತ, ಹತ್ತು ಜನ ಬಿಚ್ಚಿ ನೋಡಿ ರಿಪೇರಿ ಮಾಡಿದ ಬೀಗವೇ ಭದ್ರ.

2023ರ ಅಕ್ಟೋಬರ್‌ನಲ್ಲಿ ಬಂದ 1.26.7ನೇ ಆವೃತ್ತಿಯ ನಿರ್ಧಾರ ಇನ್ನೂ ದಿಟ್ಟವಾದುದು. ಟ್ರೂಕ್ರಿಪ್ಟ್ ಕಾಲದ ಕಡತಗಳನ್ನು ತೆರೆಯುವ ಸೌಲಭ್ಯವನ್ನೇ ಅದು ಕೈಬಿಟ್ಟಿತು. ಹಳೆಯ ಕಡತ ಇಟ್ಟುಕೊಂಡವರು ಹಿಂದಿನ 1.25.9ನೇ ಆವೃತ್ತಿಯಲ್ಲಿ ಅದನ್ನು ಬದಲಿಸಿಕೊಂಡು ಬರಬೇಕು. ಬಳಕೆದಾರರು ಸಿಡುಕಿಕೊಳ್ಳುತ್ತಾರೆಂದು ಗೊತ್ತಿದ್ದೂ ಕಳಚಿಹಾಕುವುದು ಸುಲಭವಲ್ಲ. ಸರ್ಕಾರಿ ಕಚೇರಿಗಳ ಹಳೆಯ ಗಣಕಗಳ ಸ್ಥಿತಿ ಕಂಡವರಿಗೆ ಈ ಶಿಸ್ತಿನ ಬೆಲೆ ತಿಳಿಯುತ್ತದೆ.

ಎನ್‌ಕ್ರಿಪ್ಷನ್ನಿಗೂ ಮಿತಿಯಿದೆ. ಯಂತ್ರ ಚಾಲೂ ಇರುವಷ್ಟು ಹೊತ್ತೂ ಕೀಲಿ ಮೆಮೊರಿಯಲ್ಲೇ ಕೂತಿರುತ್ತದೆ. ಮೆಮೊರಿ ಚಿಪ್ಪನ್ನು ತಣ್ಣಗಾಗಿಸಿ ಕೀಲಿ ಎತ್ತಬಹುದೆಂದು ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸಂಶೋಧಕರು 2008ರಲ್ಲೇ ತೋರಿಸಿದ್ದರು. ವೆರಾಕ್ರಿಪ್ಟ್ 2019ರಲ್ಲಿ ಮೆಮೊರಿಯಲ್ಲಿನ ಕೀಲಿಯನ್ನೂ ಗೂಢಲಿಪಿಯಲ್ಲಿಡುವ ಆಯ್ಕೆ ತಂದಿತು. ಆದರೂ ಲ್ಯಾಪ್‌ಟಾಪನ್ನು ಮಡಚಿ ಚೀಲಕ್ಕೆ ತುರುಕುವ ಬದಲು ಪೂರ್ತಿ ಆಫ್ ಮಾಡುವುದೇ ಕ್ಷೇಮ.

ಈಗ ಚಳ್ಳಕೆರೆ ಪೇಟೆಗೆ ಬರೋಣ. ಆಚೆ ಕುದಾಪುರದ ಬಳಿ ವಿಜ್ಞಾನ ನಗರಿ ಬೆಳೆಯುತ್ತಿದೆ. ಈಚೆ ಪೇಟೆಯಲ್ಲಿ ಎಣ್ಣೆ ಗಿರಣಿಗಳ ಲೆಕ್ಕ, ಸಹಕಾರ ಸಂಘಗಳ ಸಾಲದ ಕಡತ, ಗ್ರಾಮ ಒನ್ ಕೇಂದ್ರಗಳಿಗೆ ಜನ ಒಪ್ಪಿಸುವ ಆಧಾರ್, ಪಹಣಿ, ಬ್ಯಾಂಕ್ ಪಾಸ್‌ಬುಕ್ಕಿನ ಪ್ರತಿಗಳಿವೆ. ಮೊಳಕಾಲ್ಮುರು ಸೀರೆಯ ಹೆಸರಿಗೆ ಭೌಗೋಳಿಕ ಗುರುತಿನ ರಕ್ಷಣೆಯಿದೆ. ವಿನ್ಯಾಸದ ಕಡತ ಕಂಪ್ಯೂಟರಿನಿಂದ ಕಳವಾದರೆ ಆ ಗುರುತು ಅದನ್ನು ಮರಳಿ ತಂದುಕೊಡುವುದಿಲ್ಲ. ಕಾವಲು ಇರುವ ಕಡೆಗಿಂತ ಕಾವಲಿಲ್ಲದ ಕಡೆಗೇ ಈ ಬೀಗ ಹೆಚ್ಚು ಬೇಕು.

ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಅರ್ಜಿಯ ಮೇಲೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಆ ಹಕ್ಕಿಗೆ ದಂಡದ ಬಲ ಕೊಟ್ಟಿದೆ: ರಕ್ಷಣೆಯಲ್ಲಿ ಲೋಪವಾದರೆ ₹250 ಕೋಟಿವರೆಗೆ. 2025ರ ನವೆಂಬರ್‌ನಲ್ಲಿ ಹೊರಬಿದ್ದ ನಿಯಮಗಳು ಎನ್‌ಕ್ರಿಪ್ಷನ್ನನ್ನು ಹೆಸರಿಸಿಯೇ ಹೇಳುತ್ತವೆ. ಆದರೆ ನಿಯಮ ಪುಸ್ತಕದಿಂದ ತಾಲ್ಲೂಕಿನ ಮೇಜಿಗೆ ಬರುವಾಗ ಕೈಕೊಡುವುದು ತಂತ್ರಾಂಶವಲ್ಲ, ಕೀಲಿ.

ವಿಂಡೋಸ್ 11ರ 24ಎಚ್2 ಆವೃತ್ತಿಯೊಂದಿಗೆ ಹೊಸದಾಗಿ ಸಿದ್ಧಪಡಿಸಿದ ಬಹುಪಾಲು ಯಂತ್ರಗಳಲ್ಲಿ ಎನ್‌ಕ್ರಿಪ್ಷನ್ ತಾನಾಗಿ ಶುರುವಾಗುತ್ತದೆ. 48 ಅಂಕಿಗಳ ಮರುಪಡೆಯುವ ಕೀಲಿ ಮೈಕ್ರೊಸಾಫ್ಟ್ ಖಾತೆಯಲ್ಲಿ ಕೂರುತ್ತದೆ. ಯಂತ್ರ ಮಾರಿದ ಅಂಗಡಿಯವರೇ ತಮ್ಮ ಇಮೇಲ್ ಹಾಕಿ ಖಾತೆ ತೆರೆದುಕೊಟ್ಟಿದ್ದರೆ ಸಂಘದ ಕಡತಗಳ ಕೀಲಿ ಸಂಘದ ಕೈಯಲ್ಲೇ ಇಲ್ಲ. 2024ರ ಜುಲೈ 19ರಂದು ಸೈಬರ್ ಭದ್ರತಾ ಸಂಸ್ಥೆ ಕ್ರೌಡ್‌ಸ್ಟ್ರೈಕ್‌ನ ದೋಷಪೂರಿತ ಅಪ್‌ಡೇಟ್ ಜಗತ್ತಿನಾದ್ಯಂತ ಸುಮಾರು 85 ಲಕ್ಷ ಕಂಪ್ಯೂಟರುಗಳನ್ನು ಮಲಗಿಸಿದಾಗ ಅನೇಕ ದೊಡ್ಡ ಕಂಪನಿಗಳೂ ಈ ಅಂಕಿಗಳಿಗಾಗಿ ತಡಕಾಡಬೇಕಾಯಿತು. ವೆರಾಕ್ರಿಪ್ಟ್‌ನಲ್ಲಂತೂ ಪಾಸ್‌ವರ್ಡ್ ಮರೆತರೆ ಅಥವಾ ಬ್ಯಾಕಪ್ ಇಲ್ಲದೆ, ಕೀಲಿಯ ವಿವರವಿರುವ ಡಿಸ್ಕಿನ ಹೆಡರ್ ಕೆಟ್ಟರೆ ಮಾಹಿತಿ ಕೈತಪ್ಪಿದಂತೆಯೇ.

ಹಾಗಾಗಿ ಬೀಗ ಹಾಕಿ ಎಂಬ ಸುತ್ತೋಲೆಯೊಂದೇ ಸಾಲದು. ಎಸ್ಸೆಸ್ಸೆಲ್ಸಿ ಪ್ರಶ್ನೆಪತ್ರಿಕೆಗಳನ್ನು ಮೊಹರು ಮಾಡಿ ತಾಲ್ಲೂಕು ಖಜಾನೆಯಲ್ಲಿಡುವ ಪದ್ಧತಿ ಈ ರಾಜ್ಯಕ್ಕೆ ಹೊಸದಲ್ಲ. ಪಂಚಾಯಿತಿ, ಸಹಕಾರ ಸಂಘ, ಗ್ರಾಮ ಒನ್ ಯಂತ್ರಗಳ ಮರುಪಡೆಯುವ ಕೀಲಿಗಳನ್ನೂ ಮುದ್ರಿಸಿ, ಲಕೋಟೆಗೆ ಮೊಹರು ಹಾಕಿ ಅಲ್ಲೇ ಇಡಬಹುದು. ಯಾರು ಇಟ್ಟರು, ಯಾರು ತೆಗೆದರು ಎಂಬುದಕ್ಕೆ ಒಂದು ರಿಜಿಸ್ಟರ್, ಅದಕ್ಕೆ ಹೊಣೆಗಾರನಾಗಿ ಹೆಸರು ಗೊತ್ತುಮಾಡಿದ ಒಬ್ಬ ಅಧಿಕಾರಿ. ಇದಕ್ಕೆ ತಗಲುವ ಖರ್ಚು ತೀರಾ ಅಲ್ಪ. ಚಳ್ಳಕೆರೆ, ಮೊಳಕಾಲ್ಮುರು ತಾಲ್ಲೂಕುಗಳಿಂದಲೇ ಶುರುಮಾಡಬಹುದು.