ನಮ್ಮೂರ ಆಕಾಶದ ಲೆಕ್ಕ ನಾವೇ ಬರೆಯೋಣ

ಮಕ್ಕಳೇ, ಹ್ಯಾಮ್ ರೇಡಿಯೋ, ನಕ್ಷತ್ರ ವೀಕ್ಷಣೆ ಇಂಥ ಹವ್ಯಾಸಗಳ ಮಾತು ತರಗತಿಯಲ್ಲಿ ಬಂದಾಗಲೆಲ್ಲ ನಿಮ್ಮಿಂದ ಬರುವ ಉತ್ತರ ಒಂದೇ: "ಅದೆಲ್ಲ ಬೆಂಗಳೂರು ಹುಡುಗರಿಗೆ ಸಾರ್. ನಮ್ಮ ಹತ್ರ ಟೆಲಿಸ್ಕೋಪೂ ಇಲ್ಲ, ಇಂಗ್ಲಿಷೂ ಅಷ್ಟಕ್ಕಷ್ಟೆ." ಆಮೇಲೆ ಮೊಬೈಲಿನಲ್ಲಿ ಯಾರೋ ತೆಗೆದ ಶನಿಗ್ರಹದ ವಿಡಿಯೋ ನೋಡಿ "ಸೂಪರ್" ಅಂತೀರಿ, ಮುಂದಿನ ವಿಡಿಯೋಗೆ ಹೋಗ್ತೀರಿ. ನಾನು ಇದನ್ನು ಒಪ್ಪುವುದಿಲ್ಲ. ವಿಜ್ಞಾನದ ಹವ್ಯಾಸಕ್ಕೆ ಮೊದಲು ಬೇಕಾದದ್ದು ಟೆಲಿಸ್ಕೋಪ್ ಅಲ್ಲ, ಒಂದು ನೋಟ್ ಪುಸ್ತಕ. ನೋಡಿದ್ದನ್ನು ದಿನಾಂಕ, ಸಮಯ ಹಾಕಿ ಬರೆದಿಟ್ಟರೆ ಅಲ್ಲಿಂದ ವಿಜ್ಞಾನ ಶುರುವಾಯಿತು ಅಂತಲೇ ಲೆಕ್ಕ.

ಒಬ್ಬ ಹವ್ಯಾಸಿಯ ಕಥೆ ಹೇಳುತ್ತೇನೆ. ಅಮೆರಿಕದ ಗ್ರೋಟ್ ರೀಬರ್ ಹ್ಯಾಮ್ ರೇಡಿಯೋ ಹುಚ್ಚಿನವನು. ಆಕಾಶದಿಂದಲೂ ರೇಡಿಯೋ ಅಲೆ ಬರುತ್ತದೆ ಎಂದು ಕಾರ್ಲ್ ಜಾನ್ಸ್ಕಿ ಎಂಬ ಎಂಜಿನಿಯರ್ ಕಂಡುಹಿಡಿದಿದ್ದ. ಅದನ್ನು ಓದಿದ ರೀಬರ್ 1937ರಲ್ಲಿ ಸ್ವಂತ ಹಣದಲ್ಲಿ ತನ್ನ ಮನೆಯ ಹಿತ್ತಲಲ್ಲೇ ಸುಮಾರು 9 ಮೀಟರ್ ಅಗಲದ ಡಿಶ್ ಕಟ್ಟಿದ. 3300 ಮೆಗಾಹರ್ಟ್ಸ್‌ನಲ್ಲಿ ಹುಡುಕಿದ, ಏನೂ ಸಿಗಲಿಲ್ಲ. 900ರಲ್ಲಿ ಹುಡುಕಿದ, ಆಗಲೂ ಇಲ್ಲ. ಮೂರನೇ ಸಲ 160 ಮೆಗಾಹರ್ಟ್ಸ್‌ಗೆ ಬಂದಾಗ ಆಕಾಶಗಂಗೆಯ ಸದ್ದು ಸಿಕ್ಕಿತು. ಹಗಲು ಕೆಲಸ, ರಾತ್ರಿ ಅಳತೆ. ಹಾಗೆ ಬರೆದಿಟ್ಟ ಅಂಕಿಗಳಿಂದಲೇ ಆಕಾಶದ ರೇಡಿಯೋ ನಕ್ಷೆ ತಯಾರಾಯಿತು.

ಇದೆಲ್ಲ ದೂರದ ಮಾತು ಅನ್ನಬೇಡಿ. ಮಡಕಶಿರಾದಿಂದ ಹಿಂದೂಪುರಕ್ಕೆ ಹೋಗಿ ಗಡಿ ದಾಟಿದರೆ ಗೌರಿಬಿದನೂರು. ಅಲ್ಲಿ 1976ರಿಂದ ಒಂದು ರೇಡಿಯೋ ವೀಕ್ಷಣಾಲಯವಿದೆ. ಭಾರತೀಯ ಖಭೌತ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆ ಸೇರಿ ಅದನ್ನು ಕಟ್ಟಿದವು. ಡಿಶ್ ಇರುತ್ತದೆ ಅಂತ ಹುಡುಕಿದರೆ ಕಾಣುವುದು ಬಯಲಲ್ಲಿ ಸಾಲುಸಾಲು ಕಂಬ, ತಂತಿ. ಇಂಗ್ಲಿಷಿನ 'ಟಿ' ಅಕ್ಷರದ ಆಕಾರದಲ್ಲಿ 1000 ಆಂಟೆನಾಗಳನ್ನು ನಿಲ್ಲಿಸಿ, 34.5 ಮೆಗಾಹರ್ಟ್ಸ್‌ನಲ್ಲಿ ಆಕಾಶದ ನಕ್ಷೆ ಮಾಡಿದ ಜಾಗ ಅದು.

ಹ್ಯಾಮ್ ರೇಡಿಯೋ ನಿಮಗೂ ನಿಲುಕದ್ದಲ್ಲ. 12 ವರ್ಷ ತುಂಬಿದವರು ಕೇಂದ್ರ ಸರ್ಕಾರದ ಪರೀಕ್ಷೆ ಪಾಸು ಮಾಡಿ ಲೈಸೆನ್ಸ್ ಪಡೆಯಬಹುದು. ಲೈಸೆನ್ಸ್ ಇಲ್ಲದೆ ಮಾತ್ರ ಪ್ರಸಾರ ಮಾಡುವಂತಿಲ್ಲ. 2004ರ ಡಿಸೆಂಬರ್ 26ರಂದು ಸುನಾಮಿ ಬಂದು ಅಂಡಮಾನಿನ ಫೋನ್ ಸಂಪರ್ಕ ಕಡಿದುಹೋಯಿತು. ಆಗ ಹವ್ಯಾಸಕ್ಕೆಂದೇ ಅಲ್ಲಿಗೆ ಹೋಗಿದ್ದ ಭಾರತಿ ಪ್ರಸಾದ್ ಮತ್ತು ಸಂಗಡಿಗರು ತಮ್ಮ ಹ್ಯಾಮ್ ರೇಡಿಯೋದಿಂದ ಸುದ್ದಿ ಮುಟ್ಟಿಸಿದರು. ಹವ್ಯಾಸ ಅಂದರೆ ಟೈಂಪಾಸ್ ಅನ್ನುವವರಿಗೆ ಇದನ್ನು ಹೇಳಿ.

ಈಗ ನಮ್ಮ ಆಕಾಶಕ್ಕೆ ಬರೋಣ. ಮಳೆ ಕಡಿಮೆ ಎಂದು ಕೊರಗುವ ಸೀಮೆ ನಮ್ಮದು. ಮೋಡ ಇಲ್ಲದ ರಾತ್ರಿಗಳು ಮಾತ್ರ ನಮಗೆ ಬೇಕಾದಷ್ಟಿವೆ. ಫೆಬ್ರವರಿಯಲ್ಲಿ ರಾತ್ರಿ ಊಟ ಮುಗಿಸಿ ಮಾಳಿಗೆ ಹತ್ತಿ ದಕ್ಷಿಣಕ್ಕೆ ನೋಡಿ. ಲುಬ್ಧಕದ ಕೆಳಗೆ ಹೊಳೆಯುವುದೇ ಅಗಸ್ತ್ಯ ನಕ್ಷತ್ರ. ಎಷ್ಟೇ ದೊಡ್ಡ ಟೆಲಿಸ್ಕೋಪ್ ಇದ್ದರೂ ಲಂಡನ್ನಿನ ಹುಡುಗನಿಗೆ ಅವನ ಊರಿಂದ ಅದು ಕಾಣುವುದಿಲ್ಲ, ಅಲ್ಲಿ ಅದು ಹುಟ್ಟುವುದೇ ಇಲ್ಲ.

ಒಂದು ಕೆಲಸ ಕೊಡುತ್ತೇನೆ. ಜಾಮಿಟ್ರಿ ಬಾಕ್ಸಿನ ಕೋನಮಾಪಕದ ನೇರ ಅಂಚಿಗೆ ಒಂದು ಸ್ಟ್ರಾ ಅಂಟಿಸಿ. ನಡು ಬಿಂದುವಿಗೆ ದಾರ ಕಟ್ಟಿ, ದಾರದ ತುದಿಗೆ ಸಣ್ಣ ಕಲ್ಲು ಕಟ್ಟಿ. ನೇರ ಅಂಚು ಮೇಲಕ್ಕಿರಲಿ. ಬೆಟ್ಟ, ಮರ ಅಡ್ಡ ಇಲ್ಲದ ಕಡೆ ನಿಂತು ಸ್ಟ್ರಾ ಮೂಲಕ ಧ್ರುವ ನಕ್ಷತ್ರ ನೋಡಿ. ಮಾರ್ಚ್‌ನಿಂದ ಜೂನ್‌ವರೆಗೆ ಸಂಜೆಹೊತ್ತು ಸಪ್ತರ್ಷಿ ಮಂಡಲ ಅದಕ್ಕೆ ದಾರಿ ತೋರಿಸುತ್ತದೆ. ದಾರ ಎಷ್ಟನೇ ಡಿಗ್ರಿ ಮೇಲಿದೆ ಎಂದು ಗೆಳೆಯ ಓದಲಿ. 90ಕ್ಕೂ ಅದಕ್ಕೂ ಇರುವ ವ್ಯತ್ಯಾಸವೇ ನಕ್ಷತ್ರದ ಎತ್ತರ, ಹೆಚ್ಚುಕಡಿಮೆ ನಿಮ್ಮ ಊರಿನ ಅಕ್ಷಾಂಶ. ಈ ಸ್ಟ್ರಾದಿಂದ ಸೂರ್ಯನನ್ನು ಮಾತ್ರ ಎಂದೂ ನೋಡಬೇಡಿ.

ರಾಯದುರ್ಗದಲ್ಲಿ ಉತ್ತರ 15ರ ಹತ್ತಿರ ಬರಬೇಕು, ಮಡಕಶಿರಾದಲ್ಲಿ 14ರ ಹತ್ತಿರ. ಎರಡೂ ಊರಿನ ನಡುವೆ ಸುಮಾರು ಮುಕ್ಕಾಲು ಡಿಗ್ರಿ ವ್ಯತ್ಯಾಸ. ಒಬ್ಬರ ಅಳತೆಯಲ್ಲೇ ಒಂದೆರಡು ಡಿಗ್ರಿ ತಪ್ಪು ಬರಬಹುದು. ಹಾಗಾಗಿ ಒಬ್ಬರಿಂದ ಈ ವ್ಯತ್ಯಾಸ ಹಿಡಿಯಲು ಆಗುವುದಿಲ್ಲ. ಎರಡೂ ಕಡೆ ಇಪ್ಪತ್ತಿಪ್ಪತ್ತು ಮಕ್ಕಳು ಒಂದೇ ರಾತ್ರಿ, ಒಂದೇ ಹೊತ್ತಿಗೆ ಅಳೆದು ಸರಾಸರಿ ತೆಗೆಯಿರಿ. ಮೂರ್ನಾಲ್ಕು ರಾತ್ರಿ ಮಾಡಿ. ವ್ಯತ್ಯಾಸ ಕೈಗೆ ಸಿಕ್ಕರೆ, ನಕ್ಷೆಯಲ್ಲಿ ಎರಡೂ ಊರು ಉತ್ತರ-ದಕ್ಷಿಣವಾಗಿ ಎಷ್ಟು ಕಿ.ಮೀ. ದೂರ ಎಂದು ನೋಡಿಕೊಂಡು, ಇಡೀ ಭೂಮಿಯ ಸುತ್ತಳತೆಯನ್ನೇ ಲೆಕ್ಕ ಹಾಕಬಹುದು!

"ಇದರಿಂದ ಹತ್ತನೇ ಕ್ಲಾಸಿಗೆ ಮಾರ್ಕ್ಸ್ ಬರುತ್ತಾ?" ಅಂತ ಮನೆಯಲ್ಲಿ ಕೇಳಬಹುದು. ಕೋನ, ಸರಾಸರಿ, ಅಕ್ಷಾಂಶ ಇವೆಲ್ಲ ನಿಮ್ಮ ಪಾಠದಲ್ಲೇ ಇವೆ. ಕೈಯಾರೆ ಮಾಡಿದ್ದು ಮರೆಯುವುದಿಲ್ಲ.

ಕೊನೆಗೆ ಭಾಷೆಯ ಮಾತು. ಗಡಿಯ ಈಚೆ ಕನ್ನಡದಲ್ಲಿ ಓದುವ ನಿಮಗೆ "ಕನ್ನಡದಲ್ಲಿ ಓದಿ ಏನು ಮಾಡ್ತೀಯಾ?" ಅನ್ನುವ ಮಾತು ಹೊಸದಲ್ಲ. ಇಂಗ್ಲಿಷ್ ಕಲಿಯಿರಿ, ಮುಂದೆ ಬೇಕಾಗುತ್ತದೆ. ಆದರೆ ಇಂಗ್ಲಿಷ್ ಬರುವ ತನಕ ಆಕಾಶ ನೋಡುವುದನ್ನು ನಿಲ್ಲಿಸಬೇಡಿ. 15 ಡಿಗ್ರಿ ಯಾವ ಭಾಷೆಯಲ್ಲಿ ಬರೆದರೂ 15 ಡಿಗ್ರಿಯೇ. ಇವತ್ತು ರಾತ್ರಿ ಮೋಡ ಇಲ್ಲದಿದ್ದರೆ ಪುಸ್ತಕದ ಮೊದಲ ಪುಟ ತೆರೆಯಿರಿ. ಊರು, ದಿನಾಂಕ, ಸಮಯ, ಕಂಡದ್ದು ಇಷ್ಟು ಬರೆಯಿರಿ. ತಪ್ಪು ಬಂದರೆ ತಪ್ಪನ್ನೂ ಅಳಿಸದೆ ಬಿಡಿ. ರೀಬರನಿಗೂ ಎರಡು ಸಲ ಏನೂ ಸಿಕ್ಕಿರಲಿಲ್ಲ.