ಸೂರ್ಯಾಸ್ತದ ನಂತರದ ಲೆಕ್ಕ

ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸುವ ಮನೆಗಳಿಗೆ ಹಗಲು–ಇರುಳಿನ ಗಡಿಯನ್ನು ಯಾರೂ ಹೊಸದಾಗಿ ಹೇಳಿಕೊಡಬೇಕಿಲ್ಲ. ಆದರೆ ಅದೇ ಮನೆಗಳಿಗೆ ಈಗ ಬಂದಿರುವ ವಿದ್ಯುತ್ ಕಾರು ಆ ನಿಯಮಕ್ಕೆ ಒಳಪಡುವುದಿಲ್ಲ. ಮುಂಬಯಿ, ಪುಣೆ, ಹೈದರಾಬಾದುಗಳ ಕಚೇರಿಗಳಿಂದ ಅದು ಮನೆ ಸೇರುವುದೇ ಕತ್ತಲಾದ ಮೇಲೆ. ಅದರ ಆಹಾರವೆಲ್ಲ ರಾತ್ರಿಯದು. ಛಾವಣಿಯ ಮೇಲಿನ ಸೌರಫಲಕಗಳಾದರೋ ಹಗಲಿನಲ್ಲಿ ಮಾತ್ರ ದುಡಿಯುತ್ತವೆ. ಇವೆರಡನ್ನೂ ಜೋಡಿಸುವುದು ನೆಟ್ ಮೀಟರ್ ಎಂಬ ಲೆಕ್ಕದ ಏರ್ಪಾಡು. ಹಗಲಿನಲ್ಲಿ ಮಿಕ್ಕ ವಿದ್ಯುತ್ತನ್ನು ಜಾಲಕ್ಕೆ ಕೊಟ್ಟು, ರಾತ್ರಿ ಅದೇ ಜಾಲದಿಂದ ಹಿಂಪಡೆದು, ತಿಂಗಳ ಕೊನೆಗೆ ವ್ಯತ್ಯಾಸಕ್ಕೆ ಮಾತ್ರ ಹಣ ತೆರುವುದು ಅದರ ಕ್ರಮ. ಆದ್ದರಿಂದ ‘ಕಾರು ಬಿಸಿಲಿನಿಂದಲೇ ಓಡುತ್ತದೆ’ ಎಂಬ ಹೆಮ್ಮೆಯ ಮಾತು ಲೆಕ್ಕಪುಸ್ತಕದಲ್ಲಿ ನಿಜವಿರಬಹುದು. ತಂತಿಯಲ್ಲಿ ಹರಿಯುವ ವಿದ್ಯುತ್ತಿನ ಮಟ್ಟಿಗೆ ಪೂರ್ತಿ ನಿಜವಲ್ಲ.

ಈ ಭೇದವನ್ನು ಮರೆತ ಉತ್ಸಾಹ ಸಮಾಜದ ಅನೇಕ ಕುಟುಂಬಗಳಲ್ಲಿ ಕಾಣುತ್ತಿದೆ. ಉತ್ಸಾಹ ತಪ್ಪಲ್ಲ, ಲೆಕ್ಕವಿಲ್ಲದ ಉತ್ಸಾಹ ತಪ್ಪು.

ಮೊದಲು ಮನೆಯ ಲೆಕ್ಕವನ್ನೇ ನೋಡಬಹುದು. ಒಂದು ಸಾಧಾರಣ ವಿದ್ಯುತ್ ಕಾರು ಒಂದು ಯೂನಿಟ್ಟಿಗೆ ಸುಮಾರು 7 ಕಿ.ಮೀ. ಓಡುತ್ತದೆ. ತಿಂಗಳಿಗೆ 1,000 ಕಿ.ಮೀ. ಓಡಿದರೆ, ಚಾರ್ಜಿಂಗಿನಲ್ಲಾಗುವ ನಷ್ಟವೂ ಸೇರಿ ಸುಮಾರು 160 ಯೂನಿಟ್ ಬೇಕು. ಯೂನಿಟ್ಟಿಗೆ 8 ರೂಪಾಯಿಯಾದರೆ 1,280 ರೂಪಾಯಿ. ಲೀಟರಿಗೆ 15 ಕಿ.ಮೀ. ಕೊಡುವ ಪೆಟ್ರೋಲ್ ಕಾರಿಗೆ ಅಷ್ಟೇ ದೂರಕ್ಕೆ 67 ಲೀಟರ್ ಬೇಕು. ಲೀಟರಿಗೆ 100 ರೂಪಾಯಿಯಂತೆ 6,700 ರೂಪಾಯಿ. ಉಳಿತಾಯ ತಿಂಗಳಿಗೆ 5,400ರ ಆಸುಪಾಸು. ವಿದ್ಯುತ್ ಕಾರಿಗೆ ತೆತ್ತ ಹೆಚ್ಚುವರಿ ಬೆಲೆ 4 ಲಕ್ಷವಾಗಿದ್ದರೆ ಅದು ಮರಳಿ ಬರಲು ಆರು ವರ್ಷಕ್ಕೂ ಸ್ವಲ್ಪ ಹೆಚ್ಚು ಕಾಲ ಹಿಡಿಯುತ್ತದೆ. ಲೋಕಲ್ ರೈಲಿನಲ್ಲಿ ಕಚೇರಿಗೆ ಹೋಗಿ, ಕಾರನ್ನು ಭಾನುವಾರಕ್ಕೆ ಮಾತ್ರ ಹೊರತೆಗೆದು, ತಿಂಗಳಿಗೆ 400 ಕಿ.ಮೀ. ಓಡಿಸುವ ಕುಟುಂಬಕ್ಕಾದರೋ ಹದಿನೈದು ವರ್ಷ ಬೇಕು. ಬ್ಯಾಟರಿಗೆ ಕಂಪನಿಗಳು ಸಾಮಾನ್ಯವಾಗಿ ಕೊಡುವ ವಾರಂಟಿ ಎಂಟು ವರ್ಷದ್ದು. ಹೆಚ್ಚು ಓಡುವವರಿಗೆ ಲಾಭ, ಕಡಿಮೆ ಓಡುವವರಿಗೆ ನಷ್ಟ: ವಿದ್ಯುತ್ ವಾಹನದ ಅರ್ಥಶಾಸ್ತ್ರ ಇಷ್ಟೇ.

ತೆರಿಗೆಯ ಮಾತೂ ಸ್ಪಷ್ಟವಿರಬೇಕು. ವಿದ್ಯುತ್ ವಾಹನಗಳ ಮೇಲಿನ ಜಿಎಸ್‌ಟಿ 2019ರ ಆಗಸ್ಟ್ 1ರಿಂದ ಶೇ. 12ರಿಂದ ಶೇ. 5ಕ್ಕೆ ಇಳಿದಿದೆ. ಸಾಲದ ಬಡ್ಡಿಗೆ 1.5 ಲಕ್ಷದವರೆಗೆ ಸಿಗುತ್ತಿದ್ದ 80ಇಇಬಿ ಕಡಿತ ಮಾತ್ರ 2019ರ ಏಪ್ರಿಲ್ 1ರಿಂದ 2023ರ ಮಾರ್ಚ್ 31ರ ನಡುವೆ ಮಂಜೂರಾದ ಸಾಲಗಳಿಗೆ ಸೀಮಿತವಾದುದು. ಆ ವಿನಾಯಿತಿ ಇಂದಿಗೂ ಇದೆಯೆಂದು ನಂಬಿ ಹೊಸ ಸಾಲಕ್ಕೆ ಸಹಿ ಹಾಕುವವರು ಕೊನೆಗೆ ಪಶ್ಚಾತ್ತಾಪ ಪಡಬೇಕಾದೀತು.

ಇನ್ನು ಹಿಂಸೆಯ ಲೆಕ್ಕ. ದೇಶದ ವಿದ್ಯುತ್ತಿನಲ್ಲಿ ಹೆಚ್ಚಿನ ಪಾಲು ಈಗಲೂ ಕಲ್ಲಿದ್ದಲಿನದು. ಜಾಲದ ಒಂದು ಯೂನಿಟ್ಟಿನ ಹಿಂದೆ ಸುಮಾರು 0.7 ಕೆ.ಜಿ. ಇಂಗಾಲದ ಡೈಆಕ್ಸೈಡ್ ಇದೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕೆ.ಜಿ. ಮೇಲಿನ 1,000 ಕಿ.ಮೀ.ಗೆ ಹೋಲಿಸಿದರೆ ಪೆಟ್ರೋಲ್ ಕಾರು 153 ಕೆ.ಜಿ., ಜಾಲದ ವಿದ್ಯುತ್ತಿನಿಂದ ಓಡುವ ಕಾರು 112 ಕೆ.ಜಿ. ಕಡಿಮೆಯಾದದ್ದು ಕಾಲುಭಾಗಕ್ಕಿಂತ ತುಸು ಹೆಚ್ಚು, ಅಷ್ಟೆ. ಹೊಗೆ ಗಲ್ಲಿಯಿಂದ ಗಣಿಯೂರಿಗೆ ಸ್ಥಳಾಂತರವಾಗಿದೆ, ನಿರ್ಮೂಲವಾಗಿಲ್ಲ. ಸೌರಫಲಕದ ಮಾತು ಮುಖ್ಯವಾಗುವುದು ಇಲ್ಲಿಯೇ. ಕಾರಿನ ಜೊತೆ ಛಾವಣಿಯೂ ಬದಲಾದಾಗಲೇ ಅಹಿಂಸೆಯ ಹೆಸರಿನಲ್ಲಿ ಆ ಕಾರನ್ನು ಸಮರ್ಥಿಸಲು ಹಕ್ಕು ಬರುತ್ತದೆ.

ಆದರೆ ಛಾವಣಿ ಯಾರದು? ಹುಟ್ಟೂರಿನಲ್ಲಿ ಹೆಂಚಿನ ಮನೆ ಇದ್ದವರಿಗೆ ಈ ಪ್ರಶ್ನೆ ಏಳುತ್ತಿರಲಿಲ್ಲ. ಹೊರನಾಡಿನ ಕುಟುಂಬಗಳು ಬದುಕುತ್ತಿರುವುದು ಬಹುಮಹಡಿಯ ವಸತಿ ಸಂಘಗಳಲ್ಲಿ. ಅಲ್ಲಿ ಛಾವಣಿ ಎಲ್ಲರದೂ ಹೌದು, ಯಾರದೂ ಅಲ್ಲ. 2024ರ ಫೆಬ್ರುವರಿಯಲ್ಲಿ ಆರಂಭವಾದ ಪಿಎಂ ಸೂರ್ಯ ಘರ್ ಯೋಜನೆ ಒಂದು ಕೋಟಿ ಮನೆಗಳ ಗುರಿ ಇಟ್ಟುಕೊಂಡಿದೆ. ಸ್ವಂತ ಛಾವಣಿಯುಳ್ಳವರಿಗೆ ಮೊದಲ 2 ಕಿಲೋವ್ಯಾಟಿಗೆ ತಲಾ 30,000 ರೂಪಾಯಿ, 3 ಕಿಲೋವ್ಯಾಟ್ ಮತ್ತು ಹೆಚ್ಚಿನದಕ್ಕೆ ಒಟ್ಟು 78,000 ರೂಪಾಯಿ ಸಹಾಯಧನವಿದೆ. ವಸತಿ ಸಂಘಗಳಿಗೆ ಸಾಮಾನ್ಯ ಬಳಕೆಗೆಂದು, ವಾಹನ ಚಾರ್ಜಿಂಗ್ ಕೂಡ ಸೇರಿ, ಕಿಲೋವ್ಯಾಟಿಗೆ 18,000 ರೂಪಾಯಿ. ಸ್ವಂತ ಬಂಗಲೆಯವರಿಗೆ ಹೆಚ್ಚು, ಒಂದೇ ಛಾವಣಿ ಹಂಚಿಕೊಂಡವರಿಗೆ ಕಡಿಮೆ, ಬಾಡಿಗೆದಾರರಿಗೆ ಏನೂ ಇಲ್ಲ. ಸಾರ್ವಜನಿಕ ಹಣದ ಈ ಹಂಚಿಕೆಯಲ್ಲಿ ನ್ಯಾಯವೆಷ್ಟು ಎಂದು ಕೇಳುವುದು ಯಾವ ಪಕ್ಷದ ವಿರೋಧವೂ ಅಲ್ಲ. ಇನ್ನೊಂದೆಡೆ ದೆಹಲಿ, ತೆಲಂಗಾಣ, ಕರ್ನಾಟಕಗಳಲ್ಲಿ ಅರ್ಹರಿಗೆ 200 ಯೂನಿಟ್‌ವರೆಗೆ, ತಮಿಳುನಾಡಿನಲ್ಲಿ ಎರಡು ತಿಂಗಳಿಗೆ 100 ಯೂನಿಟ್ ವಿದ್ಯುತ್ ಉಚಿತ. ಬಡವರಿಗೆ ಅದು ಆಸರೆಯೆಂಬುದು ನಿಜ. ಬಿಲ್ಲೇ ಬಾರದ ಮನೆ ಫಲಕ ಹಾಕಿಸಲು ಏಕೆ ಮುಂದಾಗಬೇಕು ಎಂಬ ಪ್ರಶ್ನೆಗೆ ಸರ್ಕಾರಗಳು ಉತ್ತರಿಸಬೇಕಿರುವುದೂ ಅಷ್ಟೇ ನಿಜ.

ಸರ್ಕಾರದ ಉತ್ತರಕ್ಕೆ ಕಾಯುತ್ತಾ ಕೂರುವ ಅಗತ್ಯವಂತೂ ಇಲ್ಲ. ನಲವತ್ತು ಮನೆಗಳ ಒಂದು ವಸತಿ ಸಂಘವಿದೆ, ಅದರಲ್ಲಿ ನಾಲ್ಕು ಮನೆಗಳಿಗೆ ವಿದ್ಯುತ್ ಕಾರು ಇದೆ ಎಂದಿಟ್ಟುಕೊಳ್ಳೋಣ. 20 ಕಿಲೋವ್ಯಾಟಿಗೆ ನೆರಳಿಲ್ಲದ ಸುಮಾರು 2,000 ಚದರಡಿ ಛಾವಣಿ ಸಾಕು. ಕಿಲೋವ್ಯಾಟಿಗೆ 55,000ದಂತೆ 11 ಲಕ್ಷ ವೆಚ್ಚವಾದರೆ, 3.6 ಲಕ್ಷ ಸಹಾಯಧನ ಕಳೆದು ಉಳಿಯುವುದು 7.4 ಲಕ್ಷ; ಮನೆಗೆ 18,500 ರೂಪಾಯಿ. ತಿಂಗಳ ಉತ್ಪಾದನೆ ಸುಮಾರು 2,200 ಯೂನಿಟ್. ಲಿಫ್ಟು, ನೀರಿನ ಪಂಪು, ಮೆಟ್ಟಿಲ ದೀಪಗಳಿಗೆ 1,500 ಯೂನಿಟ್ ಹೋದರೆ ಉಳಿದ 700ರಲ್ಲಿ ನಾಲ್ಕೂ ಕಾರುಗಳು ಓಡುತ್ತವೆ. ಸಾಮಾನ್ಯ ಬಳಕೆಗೆ ಯೂನಿಟ್ಟಿಗೆ 10 ರೂಪಾಯಿ ಉಳಿದು, ಕಾರಿನವರಿಂದ 8 ರೂಪಾಯಿ ಬಂದರೆ, ಹಾಕಿದ ಹಣ ಸುಮಾರು ಮೂರು ವರ್ಷಕ್ಕೆ ಮರಳುತ್ತದೆ.

ಇಲ್ಲಿ ಮುಖ್ಯವಾದುದು ಹಣ ಮರಳುವ ಕಾಲಾವಧಿಯಲ್ಲ, ಹಣ ಹರಿಯುವ ದಿಕ್ಕು. ಮೂವತ್ತಾರು ಮನೆಗಳ ಹಣದಿಂದ ನಾಲ್ಕು ಮನೆಗಳ ಕಾರು ಓಡಬಾರದು. ಪ್ರತಿ ಚಾರ್ಜಿಂಗ್ ಸ್ಥಾನಕ್ಕೂ ಉಪಮೀಟರ್ ಇರಲಿ. ತಂತಿ, ಅರ್ಥಿಂಗ್, ರಕ್ಷಣಾ ಸಾಧನಗಳ ವೆಚ್ಚವನ್ನು ಕಾರಿನವರೇ ಭರಿಸಲಿ. ಹಾಗೆಯೇ ನಾಲ್ಕು ಮನೆಗಳ ಅಗತ್ಯವನ್ನು ಮೂವತ್ತಾರು ಮನೆಗಳು ಅಂಜಿಕೆಯಿಂದಲೋ ಅಸೂಯೆಯಿಂದಲೋ ತಡೆಯಲೂಬಾರದು. 2024ರ ಫೆಬ್ರುವರಿಯಲ್ಲಿ ತಿದ್ದುಪಡಿಯಾದ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳು ವಾಹನ ಚಾರ್ಜಿಂಗಿಗೆ ಪ್ರತ್ಯೇಕ ಸಂಪರ್ಕ ಕೇಳುವ ಅವಕಾಶವನ್ನು ಗ್ರಾಹಕನಿಗೆ ಕೊಟ್ಟಿವೆ. 10 ಕಿಲೋವ್ಯಾಟ್‌ವರೆಗಿನ ಛಾವಣಿ ಸೌರಘಟಕಕ್ಕೆ ತಾಂತ್ರಿಕ ಕಾರ್ಯಸಾಧ್ಯತೆಯ ಪರಿಶೀಲನೆಯನ್ನೂ ಕೈಬಿಟ್ಟಿವೆ. ಕಾನೂನು ತೆರೆದ ಬಾಗಿಲನ್ನು ಸಂಘದ ಕಾರ್ಯದರ್ಶಿಯ ಮುನಿಸು ಮುಚ್ಚಬಾರದು.

ಸಮಾಜದ ಭವನಗಳ ವಿಷಯವೂ ಇಲ್ಲಿ ಬರುತ್ತದೆ. ಬಸದಿಗೆ ಹೊಂದಿಕೊಂಡ ಭವನಕ್ಕೆ ಜನ ಬರುವುದು ಹೆಚ್ಚಾಗಿ ಹಗಲಿನಲ್ಲಿ. ಅಲ್ಲಿ ನಿಂತ ವಾಹನಕ್ಕೆ ಬಿಸಿಲಿನ ವಿದ್ಯುತ್ ನೇರವಾಗಿ ಸಿಗುತ್ತದೆ; ಹಗಲು–ಇರುಳಿನ ಸಮಸ್ಯೆ ತಾನಾಗಿಯೇ ಕರಗುತ್ತದೆ. ನೆಲಕ್ಕೆ ಮತ್ತೊಮ್ಮೆ ಅಮೃತಶಿಲೆ ಹಾಸುವ ಮೊದಲು ಟ್ರಸ್ಟಿಗಳು ಒಮ್ಮೆ ಛಾವಣಿಯತ್ತ ನೋಡುವುದು ಒಳ್ಳೆಯದು. ಹಣ ಪಡೆದು ಚಾರ್ಜಿಂಗ್ ಕೊಡುವುದಾದರೆ ಅದಕ್ಕೆ ಪ್ರತ್ಯೇಕ ಲೆಕ್ಕಪುಸ್ತಕವಿರಬೇಕು. ದಾನದ ಹಣವೂ ವ್ಯವಹಾರದ ಹಣವೂ ಒಂದೇ ಪುಟದಲ್ಲಿ ಬೆರೆಯಬಾರದು.

ಕೊನೆಯದಾಗಿ, ವಿದ್ಯುತ್ತಿನಿಂದ ಓಡುವುದೆಂಬ ಕಾರಣಕ್ಕೆ ಎರಡನೆಯ ಕಾರು ಪರಿಗ್ರಹವಲ್ಲವಾಗಿ ಬಿಡುವುದಿಲ್ಲ. ಬ್ಯಾಟರಿಯ ಲಿಥಿಯಂ ಎಲ್ಲೋ ಒಂದು ನೆಲವನ್ನು ಅಗೆದು ತಂದದ್ದು. ಬಾಳು ಮುಗಿದ ಬ್ಯಾಟರಿಯನ್ನು ಹಿಂಪಡೆಯುವ ಹೊಣೆಯನ್ನು 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ತಯಾರಕರ ಮೇಲೆ ಹೊರಿಸಿದ್ದರೂ, ಅದನ್ನು ಗುಜರಿಗೆ ಹಾಕದೆ ಮರಳಿಸುವ ಹೊಣೆ ಮಾಲೀಕನದೇ. ಹಳೆಯ ಕಾರು ಸವೆದಾಗ ವಿದ್ಯುತ್ ಕಾರು ಬರಲಿ. ಹಳೆಯದರ ಪಕ್ಕದಲ್ಲಿ ಪ್ರತಿಷ್ಠೆಗೆಂದು ಬಂದು ನಿಲ್ಲುವುದು ಬೇಡ.

ಬರುವ ವಾರ್ಷಿಕ ಮಹಾಸಭೆಯ ಕಾರ್ಯಸೂಚಿಯಲ್ಲಿ ಪ್ರತಿ ಕುಟುಂಬವೂ ತನ್ನ ವಸತಿ ಸಂಘದ ಮುಂದೆ ಒಂದು ವಿಷಯ ಸೇರಿಸಲು ಕೋರಲಿ: ಛಾವಣಿಯ ಅಳತೆ, ಕಳೆದ ಹನ್ನೆರಡು ತಿಂಗಳ ಸಾಮಾನ್ಯ ವಿದ್ಯುತ್ ಬಿಲ್ಲು, ಮೂರು ಕಡೆಯ ದರಪಟ್ಟಿ. ಈ ಮೂರು ಕಾಗದಗಳು ಮೇಜಿನ ಮೇಲೆ ಬಂದರೆ ಅರ್ಧ ವಾದ ತಾನಾಗಿಯೇ ಅಡಗುತ್ತದೆ. ಉಳಿದರ್ಧವನ್ನು ನೆರೆಹೊರೆಯ ಸೌಹಾರ್ದ ನೋಡಿಕೊಳ್ಳುತ್ತದೆ.