ಇರುವ ಊರಿನಲ್ಲೇ ಓಟಿಲ್ಲದವರು



ಮಡಗಾಂವ್ ಸಮೀಪದ ಒಂದು ಹಳ್ಳಿಯಲ್ಲಿ ಬಾಗಲಕೋಟೆ ಕಡೆಯಿಂದ ಬಂದ ಒಬ್ಬ ಗಾರೆ ಕೆಲಸದ ಸಹೋದರನಿದ್ದಾನೆ. ಅವನ ಬಾಡಿಗೆ ಕೋಣೆಯ ಮುಂದೆ ನಾಲ್ಕು ಜನ ಕೂತಿದ್ದಾಗ ನಗುನಗುತ್ತಾ ಒಂದು ಸುದ್ದಿ ಹೇಳಿದ. ಅವನ ಮನೆ ಮಾಲೀಕರ ಹೆಸರು ಮತದಾರರ ಪಟ್ಟಿಯಿಂದ ಹೋಯಿತಂತೆ. "ನಮಗ ಘಾಟಿ, ಘಾಟಿ ಅಂತಿದ್ರಲ್ರಿ, ಈಗ ಅವ್ರ ಪರದೇಶಿ ಆಗ್ಯಾರ. ನನಗ ಓಟ್ ಐತಿ, ಅವ್ರಿಗಿಲ್ಲ!" ಎಲ್ಲರೂ ನಕ್ಕರು. ನಾನೂ ನಕ್ಕೆ, ಸುಳ್ಳೇಕೆ ಹೇಳಲಿ. ರಾತ್ರಿ ಮಲಗಿದಾಗ ಮಾತ್ರ ಆ ನಗು ಗಂಟಲಲ್ಲೇ ಸಿಕ್ಕಿಕೊಂಡ ಹಾಗಾಯಿತು.

ಘಟ್ಟದ ಮೇಲೆ ಕಾಫಿ ತೋಟದ ಲೈನ್ ಮನೆಗಳಲ್ಲಿರುವ ನಿಮಗೆ ಗೋವಾದ ಮನೆ ಮಾಲೀಕರ ಚಿಂತೆ ಏಕೆ ಎಂದು ಕೇಳಬಹುದು. ನಿಮ್ಮ ಮಕ್ಕಳು, ತಮ್ಮಂದಿರು ಕೆಲಸ ಹುಡುಕಿ ಇಳಿದು ಹೋಗಿರುವ ಊರು ಅದು. ಅದೂ ಅಲ್ಲದೆ, "ಇವರು ಈ ಊರಿನವರಲ್ಲ" ಎಂಬ ಮಾತನ್ನು ತೋಟದ ಜನ ಕೇಳಿದಷ್ಟು ಬೇರೆ ಯಾರೂ ಕೇಳಿಲ್ಲ.

ಮೊದಲು ಆ ಮಾಲೀಕರ ಕಥೆ. ಗೋವಾದಲ್ಲಿ ಪೋರ್ಚುಗೀಸರ ಆಳ್ವಿಕೆ 1961ರ ಡಿಸೆಂಬರ್ 19ರಂದು ಮುಗಿಯಿತು. ಅದಕ್ಕೆ ಮುಂಚೆ ಅಲ್ಲಿ ಹುಟ್ಟಿದವರಿಗೂ ಅವರ ಸಂತಾನಕ್ಕೂ ತನ್ನ ಪ್ರಜೆಗಳಾಗಲು ಪೋರ್ಚುಗಲ್ ದೇಶದ ಕಾನೂನು ದಾರಿ ಬಿಟ್ಟಿತ್ತು. ಲಿಸ್ಬನ್ನಿನಲ್ಲಿ ಜನನ ನೋಂದಾಯಿಸಿ, ಆ ಪಾಸ್‌ಪೋರ್ಟ್ ಹಿಡಿದು ಸಾವಿರಾರು ಜನ ಇಂಗ್ಲೆಂಡಿಗೆ ಕೂಲಿಗೆ ಹೋದರು. ಗೋದಾಮಿನಲ್ಲಿ ಪೆಟ್ಟಿಗೆ ಹೊತ್ತರು, ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮಾಡಿದರು. ಹೊಟ್ಟೆಪಾಡಿಗೆ ಹೋದವರೇ ಹೊರತು ದೊರೆಗಳಾಗಲು ಹೋದವರಲ್ಲ. ಆದರೆ ನಮ್ಮ 1955ರ ಪೌರತ್ವ ಕಾಯಿದೆಯ 9ನೇ ಕಲಮಿನ ಪ್ರಕಾರ ತಾನಾಗಿ ಬೇರೆ ದೇಶದ ಪೌರತ್ವ ಪಡೆದವನು ಆ ಕ್ಷಣದಿಂದ ಭಾರತದ ಪ್ರಜೆಯಲ್ಲ. ಊರಿಗೆ ಮರಳಿ ಅಪ್ಪನ ಮನೆಯಲ್ಲೇ ವಾಸವಿದ್ದರೂ, ಸಾಗರೋತ್ತರ ಭಾರತೀಯನೆಂಬ ಕಾರ್ಡು ಕೈಯಲ್ಲಿದ್ದರೂ ಓಟಿಲ್ಲ.

ಇದರ ಮಗ್ಗುಲಲ್ಲೇ ಇನ್ನೊಂದನ್ನು ಇಟ್ಟು ನೋಡಿ. 2010ರ ತಿದ್ದುಪಡಿಯಿಂದ, ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡು ದುಬೈಯಲ್ಲೋ ಕುವೈತಿನಲ್ಲೋ ಇಪ್ಪತ್ತು ವರ್ಷದಿಂದ ಇರುವವನು ತನ್ನ ಹಳ್ಳಿಯ ಪಟ್ಟಿಯಲ್ಲಿ ಹೆಸರು ಬರೆಸಬಹುದು. ಮತದಾನದ ದಿನ ಖುದ್ದಾಗಿ ಬಂದರೆ ಸಾಕು. ಊರಿನ ಬಾವಿಯ ನೀರು ಅವನು ಕುಡಿಯುವುದಿಲ್ಲ, ಊರಿನ ರಸ್ತೆಯ ಗುಂಡಿಗೆ ಬೀಳುವುದಿಲ್ಲ. ದಿನಾ ಆ ನೀರು ಕುಡಿದು ಆ ಗುಂಡಿಗೆ ಬೀಳುವವನಿಗೆ ಓಟಿಲ್ಲ. ಇದು ಯಾವ ಲೆಕ್ಕ?

ಈಗ ನಮ್ಮ ಗಾರೆ ಸಹೋದರನ ವಿಷಯ. ಅವನು ಭಾರತದ ಪ್ರಜೆ. 1950ರ ಜನಪ್ರತಿನಿಧಿ ಕಾಯಿದೆ ಹೇಳುವುದು ಇಷ್ಟೇ: ಪ್ರಜೆಯಾಗಿರಬೇಕು, ವಯಸ್ಸಾಗಿರಬೇಕು, ಆ ಕ್ಷೇತ್ರದಲ್ಲಿ ಸಾಮಾನ್ಯವಾಗಿ ವಾಸಿಸುತ್ತಿರಬೇಕು. ಅಪ್ಪ ಎಲ್ಲಿ ಹುಟ್ಟಿದ, ಮನೆಯಲ್ಲಿ ಯಾವ ಮಾತಾಡುತ್ತೀರಿ ಎಂದು ಕಾಯಿದೆ ಕೇಳುವುದಿಲ್ಲ. ಆದರೆ ಗೋವಾದ ರಾಜಕೀಯ ಕೇಳುತ್ತದೆ. 2022ರ ಚುನಾವಣೆಯಲ್ಲಿ ವಿಧಾನಸಭೆಯ ನಲವತ್ತು ಸ್ಥಾನಗಳಲ್ಲಿ ಒಂದನ್ನು ಗೆದ್ದ ರೆವಲ್ಯೂಷನರಿ ಗೋವನ್ಸ್ ಪಕ್ಷ, ತಂದೆತಾಯಿಯೋ ಅಜ್ಜಅಜ್ಜಿಯೋ 1961ರ ಡಿಸೆಂಬರ್ 20ಕ್ಕೆ ಮುಂಚೆ ಗೋವಾದಲ್ಲಿ ಹುಟ್ಟಿದ್ದರೆ ಮಾತ್ರ ಗೋವಾ ಮೂಲದವರು ಎಂಬ ಮಸೂದೆಯನ್ನು ಹಿಡಿದೇ ಮತ ಕೇಳಿತ್ತು. 2025ರ ನವೆಂಬರಿನಲ್ಲಿ ಮತದಾರರ ಪಟ್ಟಿಯ ವಿಶೇಷ ತೀವ್ರ ಪರಿಷ್ಕರಣೆ ಅಲ್ಲಿ ಆರಂಭವಾದಾಗ, ಇಪ್ಪತ್ತು ವರ್ಷಕ್ಕೂ ಹಿಂದಿನ ಪಟ್ಟಿಯಲ್ಲಿ ನಿನ್ನದೋ ನಿನ್ನ ಹೆತ್ತವರದೋ ಹೆಸರು ತೋರಿಸು ಎಂದರು. ವರ್ಷಕ್ಕೊಂದು ಗುಡಿಸಲು ಬದಲಾಯಿಸುವ ಕೂಲಿಯವನು ಯಾವ ಪಟ್ಟಿ ತರಬೇಕು?

ಮಾಲೀಕರ ಹೆಸರು ಹೊಡೆದ ಕತ್ತಿಯೂ ಇವನ ಮೇಲೆ ತೂಗುವ ಕತ್ತಿಯೂ ಒಂದೇ ಕುಲುಮೆಯದು. ಇಲ್ಲಿ ಇದ್ದು ದುಡಿಯುತ್ತೀಯೋ ಎಂದು ಅದು ಕೇಳುವುದಿಲ್ಲ. ಕಾಗದ ತೋರಿಸು ಎನ್ನುತ್ತದೆ. ಬೇರೆಯವನ ಕಾಗದ ಹರಿದಾಗ ನಕ್ಕವನು ತನ್ನದು ಹರಿದಾಗ ಯಾವ ಬಾಯಲ್ಲಿ ಅಳುತ್ತಾನೆ?

ಗೋವಾದ ಜನರಿಗೂ ಅವರದೇ ಚರಿತ್ರೆಯನ್ನು ನೆನಪಿಸಬೇಕು. 1967ರ ಜನವರಿ 16ರಂದು, ಮಹಾರಾಷ್ಟ್ರಕ್ಕೆ ಸೇರಬೇಕೋ ಬೇರೆಯಾಗಿಯೇ ಉಳಿಯಬೇಕೋ ಎಂದು ಅಲ್ಲಿ ಜನಮತ ನಡೆಯಿತು. ಮುಂಬಯಿ ಮುಂತಾದ ಕಡೆ ನೆಲೆಸಿದ ಗೋವಾದವರಿಗೂ ಓಟು ಕೊಡಿ ಎಂದು ವಿಲೀನ ವಿರೋಧಿಗಳು ಬೇಡಿದರು. ಒಪ್ಪಲಿಲ್ಲ. ಗೋವಾದಲ್ಲಿ ಇದ್ದವರೇ ತೀರ್ಮಾನಿಸಿದರು, 34,021 ಓಟುಗಳ ಅಂತರದಿಂದ ಪ್ರತ್ಯೇಕ ಗೋವಾ ಉಳಿಯಿತು. ಇಂದು ಯಾವ ನಾಡಿನ ಹೆಸರಿನಲ್ಲಿ ಮೂಲ ಹುಡುಕುತ್ತಾರೋ ಆ ನಾಡು ಉಳಿದದ್ದು ವಾಸದ ಲೆಕ್ಕದಲ್ಲಿ.

ಓಟು ಕಸಿದುಕೊಂಡರೆ ಏನಾಗುತ್ತದೆ ಎಂಬುದನ್ನು ತೋಟದವರಾದ ನಮಗೆ ಬೇರೆಯವರು ಕಲಿಸಬೇಕಾಗಿಲ್ಲ. ಸಿಲೋನಿನ ಟೀ ತೋಟಗಳನ್ನು ನೆನೆಯಿರಿ. ತಲೆಮಾರುಗಳಿಂದ ಅಲ್ಲಿ ಎಲೆ ಕಿತ್ತ ತಮಿಳು ಕೂಲಿಕಾರರ ಪ್ರತಿನಿಧಿಗಳು 1947ರ ಚುನಾವಣೆಯಲ್ಲಿ ಗೆದ್ದು ಪಾರ್ಲಿಮೆಂಟಿಗೆ ಹೋದರು. ಅಧಿಕಾರದಲ್ಲಿದ್ದವರಿಗೆ ಅದು ಹಿಡಿಸಲಿಲ್ಲ. 1948ರಲ್ಲಿ ಪೌರತ್ವ ಕಾಯಿದೆ ತಂದರು. ಅಪ್ಪನ, ಅಜ್ಜನ ಜನನದ ಕಾಗದ ಯಾರ ಲೈನ್ ಮನೆಯಲ್ಲಿತ್ತು? 1949ರಲ್ಲಿ ಚುನಾವಣಾ ಕಾಯಿದೆ ತಿದ್ದಿ, ಪ್ರಜೆಯಲ್ಲದವನಿಗೆ ಓಟಿಲ್ಲ ಎಂದರು. 1952ರ ಚುನಾವಣೆಯಲ್ಲಿ ಅವರ ಪಕ್ಷದಿಂದ ಒಬ್ಬರೂ ಆರಿಸಿ ಬರಲಿಲ್ಲ. ಕೇಳುವವರಿಲ್ಲದ ಮೇಲೆ 1964ರ ಅಕ್ಟೋಬರಿನಲ್ಲಿ ಶಾಸ್ತ್ರಿಯವರೂ ಸಿರಿಮಾವೋ ಅವರೂ ಕೂತು ಅವರನ್ನು ಹಂಚಿಕೊಂಡರು: 5,25,000 ಜನ ನಿನಗೆ, 3,00,000 ಜನ ನನಗೆ, ಉಳಿದ 1,50,000 ಆಮೇಲೆ ನೋಡೋಣ. ದನದ ಸಂತೆಯಲ್ಲೂ ದನದ ಹಲ್ಲಾದರೂ ನೋಡುತ್ತಾರೆ. ಹಾಗೆ ಹಡಗು ಹತ್ತಿ ಬಂದವರಲ್ಲಿ ಹಲವರು ಸುಳ್ಯ, ಪುತ್ತೂರು ಕಡೆ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ನೆಲೆಸಿದರು. ಈಗ ನಮ್ಮ ನೆರೆಯವರೇ. ಶ್ರೀಲಂಕಾದಲ್ಲಿ ಪೌರತ್ವವಿಲ್ಲದೆ ಉಳಿದಿದ್ದವರಿಗೆ ಕಾಯಿದೆ ಮಾಡಿ ಪೌರತ್ವ ಕೊಟ್ಟದ್ದು 2003ರಲ್ಲಿ. ಐವತ್ತೈದು ವರ್ಷ!

ಹಾಗಾದರೆ ಪ್ರಜೆಯಲ್ಲದವನಿಗೂ ಓಟು ಕೊಡಬೇಕೇ? ಕೊಡಬೇಕು ಎಂದೇ ನನ್ನ ವಾದ. ಲೋಕಸಭೆಗೆ, ವಿಧಾನಸಭೆಗೆ ಅಲ್ಲ. ಅಲ್ಲಿ ಸಂವಿಧಾನದ 326ನೇ ವಿಧಿ ಪ್ರಜೆಗಳಿಗೆಂದೇ ಸ್ಪಷ್ಟವಾಗಿ ಹೇಳಿದೆ. ಆದರೆ ಪಂಚಾಯತಿ, ಪುರಸಭೆಯ ಚುನಾವಣೆಗೆ ಕಾನೂನು ಮಾಡುವ ಅಧಿಕಾರ ರಾಜ್ಯದ ಶಾಸನಸಭೆಗಿದೆ. ಒಂದೇ ಊರಿನಲ್ಲಿ ಐದು ವರ್ಷ ಕಾನೂನುಬದ್ಧವಾಗಿ ನೆಲೆಸಿದವನಿಗೆ ಆ ಊರಿನ ನೀರು, ದೀಪ, ಕಸ, ಚರಂಡಿಯ ವಿಷಯದಲ್ಲಿ ಒಂದು ಓಟು ಕೊಟ್ಟರೆ ದೇಶ ಮುಳುಗುವುದಿಲ್ಲ. ಸ್ವೀಡನ್ ದೇಶ 1976ರಲ್ಲೇ ಸ್ಥಳೀಯ ಚುನಾವಣೆಗಳಲ್ಲಿ ಪರದೇಶದ ಕೂಲಿಕಾರರಿಗೆ ಓಟು ಕೊಟ್ಟಿತು, ಮುಳುಗಲಿಲ್ಲ. ನ್ಯೂಜಿಲೆಂಡ್ 1975ರಿಂದ ಕಾಯಂ ನಿವಾಸಿಗಳಿಗೆ ಪಾರ್ಲಿಮೆಂಟಿನ ಓಟನ್ನೇ ಕೊಟ್ಟಿದೆ. ಬ್ರಿಟನ್ನಿನದು ಇನ್ನೂ ವಿಚಿತ್ರ. ಭಾರತ ಕಾಮನ್‌ವೆಲ್ತಿನಲ್ಲಿ ಇರುವುದರಿಂದ, ಅಲ್ಲಿ ನೆಲೆಸಿದ ಭಾರತೀಯ ಪ್ರಜೆ ಅವರ ಪಾರ್ಲಿಮೆಂಟಿಗೂ ಓಟು ಹಾಕಬಹುದು. ಪೋರ್ಚುಗಲ್ ಪ್ರಜೆಗೆ ಅದಿಲ್ಲ. ಎಂದರೆ ನಮ್ಮ ಮಾಲೀಕರು ಇಂಗ್ಲೆಂಡಿಗೆಂದು ಪಾಸ್‌ಪೋರ್ಟ್ ಬದಲಾಯಿಸಿ ಎರಡು ದೇಶದ ಪಾರ್ಲಿಮೆಂಟಿನ ಓಟನ್ನೂ ಕಳೆದುಕೊಂಡರು.

ಮೋರ್ಜಿ ಕಡಲತೀರದ ರಷ್ಯದವರಿಗೂ ಓಟೇ ಎಂದು ಯಾರೋ ಕೇಳುತ್ತಾರೆ. ಆರು ತಿಂಗಳು ಬಿಸಿಲು ಕಾಯಿಸಿ ಹೋಗುವವರ ಮಾತು ನಾನು ಆಡುತ್ತಿಲ್ಲ. ಗೋವಾದವರ ಭಯದಲ್ಲಿ ಹುರುಳಿಲ್ಲ ಎಂದೂ ಹೇಳುವುದಿಲ್ಲ. 2011ರ ಜನಗಣತಿಯಲ್ಲಿ 14,58,545 ಜನರಿದ್ದ ಪುಟ್ಟ ನಾಡು. ಭೂಮಿ ಕೈಜಾರುತ್ತಿದೆ, ಭಾಷೆಗೆ ಏನಾಗುವುದೋ ಎಂಬ ಆತಂಕ ನಿಜ. ಆದರೆ ಆ ಭೂಮಿಯನ್ನು ಕೊಂಡವನು ಗಾರೆ ಕೆಲಸದವನೇ? ಅವನು ಕೊಂಡದ್ದು ಐದು ಕೆ.ಜಿ. ಅಕ್ಕಿ. ಚುನಾವಣೆ ಹತ್ತಿರವಾದಾಗ ಗುಡಿಸಲುಗಳಿಗೆ ಬಂದು ಹೆಸರು ಬರೆಸಿ, ಗೆದ್ದ ಮೇಲೆ ಬುಲ್ಡೋಜರ್ ಬಂದಾಗ ಮುಖ ತಿರುಗಿಸುವ ನಾಯಕರೂ ಇದ್ದಾರೆ. ಬೈನಾ ಕಡಲತೀರದ ಮನೆಗಳನ್ನು 2004ರ ಜೂನ್ ತಿಂಗಳಲ್ಲಿ, ಮಳೆಗಾಲದ ಹೊಸ್ತಿಲಲ್ಲಿ ಕೆಡವಿದರು. 2015ರಲ್ಲಿ ಮತ್ತೆ ಕೆಡವಿದರು. ಅಲ್ಲಿದ್ದ ಎಷ್ಟೋ ಕನ್ನಡಿಗರ ಕೈಯಲ್ಲಿ ಓಟಿನ ಗುರುತು ಚೀಟಿ ಇತ್ತು. ಚೀಟಿಯೊಂದೇ ಮನೆ ಉಳಿಸುವುದಿಲ್ಲ, ಒಪ್ಪಿದೆ. ಚೀಟಿಯೂ ಇಲ್ಲದವನ ಬಾಗಿಲಿಗೆ ಮಾತ್ರ ಮಾತಾಡಿಸಲು ಕೂಡ ಯಾರೂ ಬರುವುದಿಲ್ಲ.

ಇನ್ನು ನಮ್ಮ ಲೈನ್ ಮನೆಗಳ ಕಡೆ ತಿರುಗೋಣ, ಇದು ಸ್ವಲ್ಪ ಕಹಿ. ಕೊಡಗಿನ ತೋಟಗಳಲ್ಲಿ ಈಗ ಅಸ್ಸಾಮಿನಿಂದ, ಬಂಗಾಳದಿಂದ ಬಂದ ಸಂಸಾರಗಳಿವೆ. 2020ರ ಜನವರಿಯಲ್ಲಿ ಕೊಡಗಿನ ಪೊಲೀಸರು ಸಾವಿರಾರು ಜನರನ್ನು ಕರೆಸಿ ಕಾಗದ ನೋಡಿದರು. ಆಗ ಪಕ್ಕದ ಲೈನಿನ ನಮ್ಮವರೇ "ಬಾಂಗ್ಲಾದವರು, ಓಡಿಸಲಿ" ಎಂದದ್ದನ್ನು ನಾನು ಕೇಳಿದ್ದೇನೆ. ಗೋವಾದಲ್ಲಿ ನಮ್ಮ ಮಕ್ಕಳಿಗೆ ಘಾಟಿ ಎನ್ನುವವರ ಬಾಯಿಗೂ ಈ ಬಾಯಿಗೂ ಏನು ವ್ಯತ್ಯಾಸ, ಹೇಳಿ.

ಗೋವಾದಲ್ಲಿರುವ ನಿಮ್ಮವರಿಗೆ ಈ ವಾರವೇ ಫೋನ್ ಮಾಡಿ, ಪಟ್ಟಿಯಲ್ಲಿ ಹೆಸರಿದೆಯೇ ನೋಡಲು ಹೇಳಿ. ಎಲ್ಲಿಯೂ ಹೆಸರಿಲ್ಲದಿದ್ದರೆ 6ನೇ ನಮೂನೆ ತುಂಬಲಿ. ಎರಡು ಕಡೆ ಹೆಸರಿಡುವಂತಿಲ್ಲ, ಊರಿನ ಪಟ್ಟಿಯಲ್ಲಿ ಹೆಸರಿದ್ದರೆ 8ನೇ ನಮೂನೆ ತುಂಬಿ ಅಲ್ಲಿಗೆ ವರ್ಗಾಯಿಸಿಕೊಳ್ಳಲಿ. ನೋಟೀಸು ಬಂದರೆ ಹೆದರಿ ಮನೆಯಲ್ಲಿ ಕೂರುವುದು ಬೇಡ. ಪಟ್ಟಿಯಲ್ಲಿ ಮೊದಲೇ ಇದ್ದ ಹೆಸರನ್ನು ಅನುಮಾನದ ಮೇಲೆ ಸುಮ್ಮನೆ ಹೊಡೆಯುವಂತಿಲ್ಲ, ಹೇಳಿಕೊಳ್ಳಲು ಸರಿಯಾದ ಅವಕಾಶ ಕೊಡಬೇಕು ಎಂದು ಸುಪ್ರೀಂ ಕೋರ್ಟು 1995ರಲ್ಲಿ ಲಾಲ್ ಬಾಬು ಹುಸೇನ್ ಮೊಕದ್ದಮೆಯಲ್ಲಿ ಹೇಳಿದೆ. ಓದು ಬರಹ ಬಲ್ಲವರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಲಿ.

ಮರುದಿನ ಆ ಗಾರೆ ಸಹೋದರನನ್ನು ಕೇಳಿದೆ: ನಿನಗೆ ಓಟಿದೆಯಲ್ಲ, ಗ್ರಾಮಸಭೆಗೆ ಒಂದು ಸಲವಾದರೂ ಹೋಗಿದ್ದೀಯಾ? ಇಲ್ಲವಂತೆ. ಮಾಲೀಕರು ಈಗಲೂ ಹೋಗುತ್ತಾರಂತೆ. ಹಿಂದೆ ಕೂರುತ್ತಾರೆ, ಕೈ ಎತ್ತುವಂತಿಲ್ಲ. ಬಾವಿಗೆ ಕೊಳೆ ನೀರು ಇಳಿಯುತ್ತಿದೆ, ಅದನ್ನು ಹೇಳಬೇಕೆಂದು ಅವರಿಗೆ ಬಹಳ ದಿನದಿಂದ ಇದೆಯಂತೆ. ಇಬ್ಬರೂ ಕುಡಿಯುವುದು ಅದೇ ಬಾವಿಯ ನೀರು. ಮುಂದಿನ ಸಭೆಗೆ ಅವರ ಜೊತೆ ಹೋಗಿ ನೀನು ಕೈ ಎತ್ತು ಎಂದೆ. ಭಾನುವಾರ ಕೆಲಸ ಇರದಿದ್ದರೆ ನೋಡ್ತೀನ್ರಿ ಎಂದಿದ್ದಾನೆ.